ಮೂವತ್ತಮೂರನೆಯ ತಾರೀಖು

ಇವತ್ತು ಕ್ಯಾಲೆಂಡರಿನಿಂದ ಮೂವತ್ತೊಂದನೆಯ ತಾರೀಖಿನ ಚೀಟಿ ಹರಿಯುವಾಗ ಅಗ್ಗದ ಶಾಯಿಯ ವಾಸನೆ ಬಂತು. ಕಾರ್ಖಾನೆಗಳ ಊರಾದ ವಾಳೂಜಿನಲ್ಲಿ ನನ್ನ ಬಾಲ್ಯ ಕಳೆದ ಬಾಡಿಗೆ ಖೋಲಿ ಕಣ್ಣ ಮುಂದೆ ನಿಂತಿತು.

ಅವ್ವ ಕೂಡಿಟ್ಟ ಒಂದು ತಿಂಗಳ ಚೀಟಿಗಳನ್ನು ಅಪ್ಪ ಕಾರ್ಖಾನೆಯ ಸೂಟಿಯ ದಿನ ನೆಲದ ಫರಸಿಕಲ್ಲಿನ ಮೇಲೆ ಹರಡುತ್ತಿದ್ದ. ಎಷ್ಟು ತೊಳೆದರೂ ಅವನ ಬೆರಳಿನ ಎಣ್ಣೆಗಪ್ಪು ಹೋಗುತ್ತಿರಲಿಲ್ಲ. ಎರಡರಿಂದ ಆಟ ಶುರು. ಮುಂದಿನ ಚೀಟಿ ಹಿಂದಿನದರ ಜೊತೆ ಒಂದೇ ಮಗ್ಗಿಯಲ್ಲಿ ಬರಬೇಕು, ಹಾಗೆ ಬರುವ ಉಳಿದ ಚೀಟಿಗಳಲ್ಲಿ ಎಲ್ಲಕ್ಕಿಂತ ಸಣ್ಣದಿರಬೇಕು. ಒಂದರ ಮಗ್ಗಿ ಮಾತ್ರ ನಡೆಯದು.

ಎರಡು, ನಾಲ್ಕು, ಆರು, ಮೂರು, ಒಂಬತ್ತು... ಮೊದಲ ಸಲ ಆಡಿದ ದಿನ ಸಾಲು ಹೀಗೆ ಬೆಳೆಯಿತು. ನಾನು ಹುಟ್ಟಿದ ತಾರೀಖು ಹನ್ನೊಂದು ಮೂಲೆಯಲ್ಲೇ ಉಳಿದಿತ್ತು.

“ನಂದು ಬರೂದೇ ಇಲ್ಲೇನು, ಅಪ್ಪಾ?”

“ಐದು, ಏಳು ಹ್ಯಾಂಗ ಬಂದ್ವು ನೋಡು.”

ಹತ್ತು, ಐದು, ಹದಿನೈದು. ಹದಿನಾಲ್ಕು, ಏಳು, ಇಪ್ಪತ್ತೊಂದು. ಐದಾಗಲಿ ಏಳಾಗಲಿ, ಮೊದಲು ಅದರ ಎರಡರಷ್ಟು, ಆಮೇಲೆ ಅದು, ಆಮೇಲೆ ಮೂರರಷ್ಟು. ಹಾಗೆ ಬರಲಿ ಎಂದು ನಾವು ಹೇಳಿರಲೇ ಇಲ್ಲ. ನನ್ನ ಮೈ ಜುಮ್ಮೆಂದಿತು.

ಕೊನೆಗೆ ಇಪ್ಪತ್ತೆರಡು ಬಂತು, ಅದರ ಬೆನ್ನಿಗೇ ನನ್ನ ಹನ್ನೊಂದು. ಮುಂದೆ ಮೂವತ್ತಮೂರು ಬೇಕು. ಅಂಥ ತಾರೀಖೇ ಇಲ್ಲ.

“ಆಟ ಮುಗೀತೇನು?”

ಅಪ್ಪ ಸಾಲನ್ನೇ ನೋಡುತ್ತಿದ್ದ. “ಮುಗಿದದ್ದು ಕ್ಯಾಲೆಂಡರ್, ಬೇಟಾ. ಇದು ಮುಗಿಯಂಗಿಲ್ಲ.”

ಇವತ್ತಿನ ಚೀಟಿಯನ್ನು ಎಸೆಯಲಿಲ್ಲ. ಮಗುಚಿ, ಹಿಂಬದಿಯಲ್ಲಿ ಮೂವತ್ತಮೂರು ಎಂದು ಬರೆದೆ.