ಅರಸೀಕೆರೆ ನಕಲು

ಅವರ ಎಡಗೈ ಹೆಬ್ಬೆರಳಿನ ಉಗುರು ಇವತ್ತಿದ್ದ ಬಣ್ಣದಲ್ಲಿ ನಾಳೆ ಇರುತ್ತಿರಲಿಲ್ಲ. ಶಾಯಿ ಕಲಸಿದಾಗಲೆಲ್ಲ ಒಂದು ತೊಟ್ಟನ್ನು ಆ ಉಗುರಿಗೆ ಸವರಿ, ಬಾಗಿಲಿಗೆ ಬಂದು, ಬಿಸಿಲಿಗೆ ಹಿಡಿದು ನೋಡುವುದು ಅವರ ಅಭ್ಯಾಸ. ಅರಸೀಕೆರೆ ರೈಲು ನಿಲ್ದಾಣದ ಹತ್ತಿರ ಅವರದೊಂದು ಸಣ್ಣ ಅಂಗಡಿ ಇತ್ತು. ವಕೀಲರ ಮನೆಯ ಫಲಕ, ಕೊಬ್ಬರಿ ಮಂಡಿಯ ಬೋರ್ಡು, ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬದ ಮೇಲಿನ ಅಕ್ಷರ, ಎಲ್ಲ ಅವರ ಕೈಯದೇ. ಊರವರು ಅವರನ್ನು ‘ನೇಮ್‌ಪ್ಲೇಟಿನವರು’ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿನ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದೆ. ಬೆಂಗಳೂರಿನ ಗುಜರಿಯಲ್ಲಿ ನನಗೊಂದು ಹಳೆಯ ಕಂಪ್ಯೂಟರ್ ಸಿಕ್ಕಿತು. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಮುಂಭಾಗದ ತಗಡಿನಲ್ಲಿ ಸಾಲಾಗಿ ಸ್ವಿಚ್ಚುಗಳು, ಮೇಲೆ ಪುಟ್ಟ ಕೆಂಪು ದೀಪಗಳು. ವಿದ್ಯಾರ್ಥಿನಿಯಾಗಿದ್ದಾಗ ನಾನು ಮೊದಲ ಸಲ ಲೆಕ್ಕ ಮಾಡಿಸಿದ್ದು ಅಂಥದೇ ಯಂತ್ರದಲ್ಲಿ. ಒಂದು ವರ್ಷ ಕೂತು ಒಳಗಿನದನ್ನೆಲ್ಲ ಸರಿಮಾಡಿದೆ. ಆದರೆ ಯಾರೋ ಸ್ವಿಚ್ಚಿನ ಆಸೆಗೆ ಮುಂದಿನ ತಗಡನ್ನು ಉಳಿಯಿಂದ ಸೀಳಿದ್ದರು. ಅರ್ಧ ಮಾತ್ರ ಉಳಿದಿತ್ತು. ಇಂಟರ್ನೆಟ್ಟಿನಲ್ಲಿ ಪರಿಚಯವಾದ ಹೊರದೇಶದವರೊಬ್ಬರ ಹತ್ತಿರ ಅದೇ ಯಂತ್ರವಿತ್ತು. ಅವರು ತಮ್ಮ ಫಲಕದ ಮೇಲೆ ಕಾಗದ ಹಾಸಿ, ಅಳತೆ ತಪ್ಪದಂತೆ ನಕ್ಷೆ ತೆಗೆದು ಅಂಚೆಯಲ್ಲಿ ಕಳಿಸಿದರು. ಆ ನಕ್ಷೆಯನ್ನೂ ಸೀಳಿದ ತಗಡನ್ನೂ ಹಿಡಿದುಕೊಂಡು ನೇಮ್‌ಪ್ಲೇಟಿನವರಲ್ಲಿಗೆ ಹೋದೆ.

ಅವರು ಕನ್ನಡಕವನ್ನು ಹಣೆಗೇರಿಸಿ ತಗಡನ್ನು ಮೂಗಿನ ಹತ್ತಿರ ತಂದರು. “ಮಿಷನ್ ಏನು ಅಂತ ನಂಗೊತ್ತಿಲ್ಲ ಮೇಡಮ್ಮೋರೆ. ಅಕ್ಷರ ಗೊತ್ತಾಯ್ತದೆ. ಬುಟ್ಟೋಗಿ,” ಎಂದರು.

ಅಲ್ಯೂಮಿನಿಯಂ ತಗಡು ಕತ್ತರಿಸಿ, ತೂತು ಕೊರೆದು, ನೀಲಿ ಬಣ್ಣ ಹೊಡೆದು, ಅದರ ಮೇಲೆ ಬಿಳಿ ಅಕ್ಷರ ಅಚ್ಚು ಹಾಕಬೇಕು. ಮಾಡಿದ ಎರಡನ್ನು ಅವರೇ ಎಸೆದರು, ನೀಲಿ ಹೊಂದಲಿಲ್ಲವೆಂದು. ಮೂರನೆಯದರಲ್ಲಿ ಒಂದು ಅಕ್ಷರ ಸಾಲಿನಿಂದ ಕೂದಲೆಳೆಯಷ್ಟು ಕೆಳಗಿಳಿದಿತ್ತು. ನೆಟ್ಟಗೆ ಮಾಡಿ ಎಂದೆ.

“ಹಳೇದ್ರಲ್ಲೂ ಹಂಗೇ ಐತೆ, ನೋಡಿ,” ಎಂದು ಸೀಳಿದ ತುಂಡನ್ನು ಪಕ್ಕಕ್ಕಿಟ್ಟರು. ನಿಜ. ವರ್ಷವಿಡೀ ನೋಡಿದ್ದರೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. “ಮಾಡ್ದೋನು ಕೈ ಜಾರ್ಸವ್ನೆ. ನಾವು ತಿದ್ದುದ್ರೆ ಅದು ನಮ್ದಾಗೋಯ್ತದೆ.”

ಇಂಟರ್ನೆಟ್ಟಿನಲ್ಲಿ ನಾನು ಹಾಕಿದ ಫಲಕದ ಚಿತ್ರ ನೋಡಿ, ಅಂಥದೇ ಯಂತ್ರವಿದ್ದ ಬೇರೆ ಊರು, ಬೇರೆ ದೇಶದವರೂ ತಮಗೊಂದು ಬೇಕೆಂದರು. ಮೂರ್ನಾಲ್ಕು ವರ್ಷ ಹೀಗೆ ನಡೆಯಿತು. ಪ್ರತಿಯೊಂದರ ಹಿಂಬದಿಯಲ್ಲೂ ಅವರು ‘ಅರಸೀಕೆರೆ ನಕಲು’ ಎಂದು ಶಾಯಿಯಲ್ಲಿ ಸಣ್ಣದಾಗಿ ಬರೆಯುತ್ತಿದ್ದರು. ಆಮೇಲೊಬ್ಬ ಹಳೆಯ ಯಂತ್ರಗಳ ವ್ಯಾಪಾರಿ ಒಮ್ಮೆಗೇ ಹನ್ನೆರಡು ಕೇಳಿದ. ಅವನದು ಒಂದೇ ಷರತ್ತು: ಹೊಸದೆಂದು ತಿಳಿಯುವ ಗುರುತು ಎಲ್ಲೂ ಇರಬಾರದು. ಏಕೆಂದು ನನಗೆ ತಿಳಿಯದೆ ಇರಲಿಲ್ಲ. ಆದರೂ ಒಪ್ಪಿಕೊಂಡೆ. ನಮ್ಮೂರಿನ ಕೆಲಸ ಅಸಲಿಯ ಪಕ್ಕ ನಿಲ್ಲುತ್ತದಲ್ಲ ಎಂಬ ಹೆಮ್ಮೆ ತಲೆಗೇರಿತ್ತು.

ಅವರ ಅಂಗಡಿಯಲ್ಲೇ ಪಾರ್ಸೆಲ್ ಕಟ್ಟುವಾಗ ಒಂದನ್ನು ತಿರುಗಿಸಿದೆ. ಅದೇ ಎರಡು ಪದ ಅಲ್ಲಿತ್ತು. ಶಾಯಿಯಲ್ಲಲ್ಲ, ಈ ಸಲ ಲೋಹದಲ್ಲಿ ಆಳವಾಗಿ ಕೊರೆದಿದ್ದರು. ಹನ್ನೆರಡರಲ್ಲೂ.

“ಬೇಡ ಅಂದಿದ್ದೆನಲ್ಲ?”

“ಅಂದಿದ್ರಿ.”

“ಮತ್ತೆ? ನಾನು ಮಾತು ಕೊಟ್ಟಾಗಿದೆ.”

ಅವರು ಶಾಯಿ ಕಲಸುತ್ತಲೇ ಮಾತಾಡಿದರು. ಅವರ ಹುಟ್ಟೂರು ಹಳೇಬೀಡಿನ ಪಕ್ಕದ ಮಾದಿಹಳ್ಳಿ. “ನಮ್ ಹಳೇಬೀಡು ಗುಡೀಲಿ ಕಲ್ಲು ಬಿದ್ದೋದ ಕಡೆ ಹೊಸ ಕಲ್ಲು ಕೂರ್ಸವ್ರೆ, ನೋಡಿದೀರಾ? ಬೋಳು ಬುಟ್ಟವ್ರೆ, ಒಂದು ಗೆರೆನೂ ಕೆತ್ತಿಲ್ಲ. ನೋಡ್ದೋರ್ಗೆ ಇದು ಹೊಸದು ಅಂತ ಗೊತ್ತಾಗ್ಲಿ ಅಂತ. ನಾನು ಕದ್ದು ಮಾಡಾಕಿಲ್ಲ ಮೇಡಮ್ಮೋರೆ. ನಿಮ್ಗೆ ಬ್ಯಾಡಾಂದ್ರೆ ಇಲ್ಲೇ ಇಟ್ಟೋಗಿ.”

ನಾನು ಕೊಂಕು ಮಾತಾಡಿ ಬಂದೆ. ಏನೆಂದೆ ಎಂಬುದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಫಲಕಗಳನ್ನು ಇದ್ದ ಹಾಗೆಯೇ ವ್ಯಾಪಾರಿಗೆ ಕಳಿಸಿ, ಮುಂದೆ ಆ ಬೀದಿಗೆ ಕಾಲಿಡಲಿಲ್ಲ.

ಹಲವು ತಿಂಗಳ ಮೇಲೆ ಅಪರಿಚಿತರೊಬ್ಬರ ಇ-ಮೇಲ್ ಬಂತು. ಅವರು ಆ ವ್ಯಾಪಾರಿಯಿಂದ ‘ಪೂರ್ತಿ ಅಸಲಿ’ ಎಂದು ಒಂದು ಯಂತ್ರ ಕೊಂಡಿದ್ದರು. ಬಿಚ್ಚಿ ನೋಡಿದಾಗ ಫಲಕದ ಹಿಂಬದಿಯನ್ನು ಅರದಿಂದ ಉಜ್ಜಿ ಬಣ್ಣ ಬಳಿದಿದ್ದರೂ ಯಾವುದೋ ಲಿಪಿಯ ಎರಡು ಪದ ಉಳಿದಿದ್ದವು. ಕನ್ನಡದ ಸಹೋದ್ಯೋಗಿಯೊಬ್ಬರು ಓದಿ ಹೇಳಿದರಂತೆ. ಊರಿನ ಹೆಸರು ಹಿಡಿದು ನನ್ನನ್ನು ಹುಡುಕಿದ್ದರು. ಯಂತ್ರವನ್ನು ವ್ಯಾಪಾರಿಗೆ ಹಿಂದಿರುಗಿಸಿದೆ, ನಿಮ್ಮ ಪ್ರಾಮಾಣಿಕತೆಗೆ ವಂದನೆ ಎಂದು ನನಗೆ ಬರೆದಿದ್ದರು. ನನಗೆ!

ಅದನ್ನು ಕಾಗದದಲ್ಲಿ ಮುದ್ರಿಸಿಕೊಂಡು ಮರುದಿನವೇ ಅಂಗಡಿಗೆ ಹೋದೆ. ಕನ್ನಡದಲ್ಲಿ ಓದಿ ಹೇಳಿ, ತಪ್ಪು ನನ್ನದು ಎಂದೆ.

“ಬಂದು ಹೇಳಿದ್ರಲ್ಲ, ಸಾಕು. ಕೂತ್ಕಳಿ, ಟೀ ಹೇಳ್ತೀನಿ.”

ಸಕ್ಕರೆ ಕಾಯಿಲೆ ಅವರ ಕಣ್ಣನ್ನು ತಿನ್ನುತ್ತಿತ್ತು. ದೃಷ್ಟಿ ಪೂರ್ತಿ ಹೋಗಿ ಅವರು ಅಂಗಡಿಯನ್ನೇ ಮುಚ್ಚಿದ ಮೇಲೆ, ಒಂದು ಮಧ್ಯಾಹ್ನ ಅವರನ್ನು ಆಟೋದಲ್ಲಿ ನಮ್ಮ ಮನೆಗೆ ಕರೆತಂದೆ. ಅಷ್ಟೊಂದು ಫಲಕ ಮಾಡಿದವರು ಆ ಯಂತ್ರ ನಡೆಯುವುದನ್ನು ಒಮ್ಮೆಯೂ ನೋಡಿರಲಿಲ್ಲ. ಈಗ ನೋಡುವ ಹಾಗೂ ಇರಲಿಲ್ಲ. ಅವರ ಬೆರಳುಗಳನ್ನು ಹಿಡಿದು ಒಂದೊಂದೇ ಸ್ವಿಚ್ಚು ಒತ್ತಿಸಿದೆ.

“ಈಗೇನ್ ಮಾಡ್ತೈತೆ?”

“ಎರಡಕ್ಕೆ ಮೂರು ಕೂಡಿಸ್ತಿದೆ.”

“ಬಂತಾ?”

“ದೀಪ ಹತ್ತಿದೆ. ಐದು ಬಂತು.”

“ಸರಿಯಾಗೈತೆ ಬುಡಿ,” ಎಂದು ತೃಪ್ತಿಯಿಂದ ನಕ್ಕರು.

ಅದೇ ವರ್ಷ ಅವರು ತೀರಿಕೊಂಡರು. ಕಾರ್ಯವೆಲ್ಲ ಮುಗಿದ ಮೇಲೆ ಅವರ ಹೆಂಡತಿ ನನ್ನನ್ನು ಕರೆಸಿ, ಹಳೆಯ ಸೀರೆಯಲ್ಲಿ ಸುತ್ತಿದ್ದ ಒಂದು ಗಂಟು ಕೊಟ್ಟರು. ಒಳಗೆ ಮರದ ಚೌಕಟ್ಟಿಗೆ ಬಿಗಿದ ರೇಷ್ಮೆ ಬಟ್ಟೆಯ ಅಚ್ಚುಗಳಿದ್ದವು, ಶಾಯಿ ಒತ್ತಿ ತಗಡಿಗೆ ಅಕ್ಷರ ಇಳಿಸುವಂಥವು, ನಮ್ಮ ಫಲಕದವೇ. ಅವಿದ್ದರೆ ಯಾರು ಬೇಕಾದರೂ ಎಷ್ಟು ಬೇಕಾದರೂ ಫಲಕ ಮಾಡಬಹುದು, ಹಿಂಬದಿಯನ್ನು ಖಾಲಿ ಬಿಟ್ಟು.

“ಯಾರ್ಯಾರೋ ಕೇಳ್ಕಂಡ್ ಬಂದಿದ್ರು ಕಣಮ್ಮ,” ಎಂದರು ಆಕೆ. “ಬ್ಯಾರೆ ಯಾರ್ ಕೈಗೂ ಕೊಡ್‌ಬ್ಯಾಡ, ಮೇಡಮ್ಮೋರ್ಗೇ ಕೊಡು ಅಂದಿದ್ರು.”