ಒಂಬತ್ತು ಮನೆಯ ಪೆಟ್ಟಿಗೆ

ಮೊನ್ನೆ ಕೊಟ್ಟಾರದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತಿದ್ದೆ. ಅಂಗಡಿಯವ ನನ್ನ ಫೋನಿನ ಹೊಟ್ಟೆ ಬಿಚ್ಚಿ ಬೆಸುಗೆ ಹಾಕುತ್ತಿದ್ದ. ಕಾದ ಸೀಸ, ಸುಟ್ಟ ರಾಳ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಫ್ಯಾನಿನಡಿ ಕೂತವಳಿಗೆ ಮೈ ಜುಮ್ಮೆಂದಿತು. ಅರುವತ್ತು ವರ್ಷ ಹಿಂದಿನ ವಾಸನೆ ಅದು, ಆಚೆಮನೆ ಭಾವನ ಜಗಲಿಯದ್ದು.

ಭಾವ ಅಂದರೆ ಸಂಬಂಧವೇನೂ ಅಲ್ಲ. ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ, ಹಾಗಾಗಿ ಅವರು ಭಾವ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್. ನಾನಾಗ ಕನ್ನಡ ಶಾಲೆಯಲ್ಲಿ ಟೀಚರ್, ಮದುವೆ ಆಗಿರಲಿಲ್ಲ. ಶಾಲೆ ಬಿಟ್ಟ ಮೇಲೆ ಅಕ್ಕನ ಜಗಲಿ ಹತ್ತದಿದ್ದರೆ ತಿಂದ ಅನ್ನ ಕರಗುತ್ತಿರಲಿಲ್ಲ ನನಗೆ. ಅಕ್ಕ ಬೆಲ್ಲ-ನೀರು ತಂದಿಟ್ಟು, ಸ್ಲೇಟಿನಲ್ಲಿ ಒಂಬತ್ತು ಮನೆ ಗೀಚುತ್ತಿದ್ದಳು. ಅವಳದ್ದು ಸೊನ್ನೆ, ನನ್ನದು ಇಂಟು. ಮೂರು ಒಂದೇ ಸಾಲಿನಲ್ಲಿ ಬಂದರೆ ಗೆದ್ದ ಹಾಗೆ, ಅಷ್ಟೇ ಆಟ. ಮಕ್ಕಳಿಲ್ಲದ ಮನೆ, ಆಟ ಅಂದರೆ ಅವಳಿಗೆ ಜೀವ.

ಅವಳಿಗೊಂದು ಚಾಳಿ ಇತ್ತು. ಇನ್ನೊಂದು ಸೊನ್ನೆ ಹಾಕಿದರೆ ಗೆದ್ದಳು ಅನ್ನುವಾಗ ಆ ಮನೆ ಬಿಟ್ಟು ಎಲ್ಲೋ ಮೂಲೆಯಲ್ಲಿ ಹಾಕುವಳು. "ಎಂತ ಅಕ್ಕ, ಕಣ್ಣು ಕಾಣುದಿಲ್ವಾ?" ಅಂದರೆ ನಗುವಳು. "ಗೆದ್ದರೆ ಆಟ ಮುಗೀತದೆ, ನೀನು ಎದ್ದು ಹೋಗ್ತಿ." ಭಾವನ ಹತ್ತಿರ ಮಾತ್ರ ಹಾಗಲ್ಲ. ಗಂಡ ಎಲ್ಲಿಗೆ ಹೋದಾನು ಅಂತ ಧೈರ್ಯ! ಅವರನ್ನು ಒಂದಿಷ್ಟೂ ದಾಕ್ಷಿಣ್ಯ ಇಲ್ಲದೆ ಸೋಲಿಸುತ್ತಿದ್ದಳು. ಹಾಗಾಗಿ ಈ ಚಾಳಿ ಅಕ್ಕನಿಗೆ, ನನಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಪಣಂಬೂರಿನಲ್ಲಿ ದೊಡ್ಡ ಬಂದರು ಆಗ್ತದಂತೆ ಎಂದು ಊರೆಲ್ಲ ಮಾತಾಡುತ್ತಿದ್ದ ಕಾಲ. ಅಕ್ಕ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು...

ತೀರಿಕೊಂಡವರಿಗೆ ಮಳೆಗಾಲದ ಆಟಿ ತಿಂಗಳಲ್ಲಿ ಎಲೆ ಹಾಕಿ ಬಡಿಸುವ ಕ್ರಮ ನಮ್ಮಲ್ಲಿ ಉಂಟು. ಬಡಿಸಿ, ಬಾಗಿಲು ಎಳೆದು, ಅವರು ಉಣ್ಣುವಷ್ಟು ಹೊತ್ತು ಎಲ್ಲರೂ ಹೊರಗೆ ಕೂರುವುದು. ಬಾಗಿಲು ತೆರೆದಾಗ ಭಾವ ಎಲೆಯ ಮೇಲೆ ಬಗ್ಗಿ ಬಗ್ಗಿ ನೋಡಿದರು. ಒಂದು ಅಗುಳೂ ಅಲುಗಿರಲಿಲ್ಲ.

"ಬರ್ಲೇ ಇಲ್ಲ ಅವಳು," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಅವಳಿಗೆ ಅನ್ನ ಎಂತಕ್ಕೆ ಮಾರಾಯ್ತಿ? ಆಟ ಇಟ್ಟರೆ ಬಂದಾಳು."

ದುಃಖದಲ್ಲಿ ಆಡಿದ ಮಾತು ಅಂತ ನಾನು ಬಿಟ್ಟೆ. ಅವರು ಬಿಡಲಿಲ್ಲ. ಹಳೇ ಬಂದರಿನ ಬ್ಯಾರಿ ಸಾಹೇಬರೊಬ್ಬರ ಗುಜರಿ ಅಂಗಡಿಯಿಂದ ಸ್ವಿಚ್ಚು, ತಂತಿ, ಕರೆಂಟು ಹರಿದಾಗ ಟಕ್ಕೆಂದು ಬಾಯಿ ಮುಚ್ಚುವ ರಿಲೇಗಳನ್ನೆಲ್ಲ ಹೊತ್ತು ತಂದರು. ದೀಪಾವಳಿ ಹೊತ್ತಿಗೆ ಜಗಲಿಯಲ್ಲಿ ಒಂದು ಹಲಸಿನ ಮರದ ಪೆಟ್ಟಿಗೆ. ಮೇಲೆ ಒಂಬತ್ತು ಮನೆ, ಮನೆಗೆ ಎರಡು ಬಲ್ಬು. ನಾವು ಸ್ವಿಚ್ ಒತ್ತಿದರೆ ಹಳದಿ ಹತ್ತುವುದು. ಒಳಗೆ ಟಕ ಟಕ ಸದ್ದಾಗಿ ಅದು ತನ್ನ ಆಟ ಆಡಿದರೆ ಕೆಂಪು. "ಗೆಲ್ಲುವ ಮನೆ ಸಿಕ್ಕಿದರೆ ಬಿಡುದಿಲ್ಲ ಇದು. ಅವಳ ಹಾಗೇ," ಅಂದರು ಭಾವ.

ನಿಜ ಹೇಳ್ತೇನೆ, ನನಗೆ ಅದರ ಎದುರು ಕೂರಲು ಮನಸ್ಸಿರಲಿಲ್ಲ. ಆದರೆ ಅವರ ಮುಖ ನೋಡಿ ಇಲ್ಲ ಅನ್ನಲಿಕ್ಕೆ ಆಗುತ್ತದಾ? ದಿನಾ ಸಂಜೆ ಕೂತೆ. ಸೋತೆ, ಇಲ್ಲವೇ ಯಾರೂ ಗೆಲ್ಲದೆ ಮುಗಿಯಿತು.

ಒಂದು ದಿನ, ದೀಪ ಹಚ್ಚುವ ಹೊತ್ತು. ಗಮನ ಎಲ್ಲೋ ಇದ್ದು ತಪ್ಪು ಮನೆ ಒತ್ತಿಬಿಟ್ಟೆ. ಒಂದು ಸಾಲಿನಲ್ಲಿ ಎರಡು ಕೆಂಪು ಉರಿಯುತ್ತಿತ್ತು, ಮೂರನೆಯ ಮನೆ ಖಾಲಿ. ಪೆಟ್ಟಿಗೆ ಕಣ್ಣುಮುಚ್ಚಿ ಗೆಲ್ಲಬೇಕು. ಆದರೆ ಯಾವಾಗಲೂ ತಟ್ಟನೆ ಬರುವ ಸದ್ದು ಬರಲಿಲ್ಲ. ಸುಮ್ಮನಿತ್ತು... ತುಂಬ ಹೊತ್ತು ಸುಮ್ಮನಿತ್ತು. ಆಮೇಲೆ ಒಂದೇ ಒಂದು ಟಕ್. ಗೆಲ್ಲುವ ಮನೆ ಕತ್ತಲೆಯಾಗಿಯೇ ಇತ್ತು. ಕೆಂಪು ಹತ್ತಿದ್ದು ಮೂಲೆಯಲ್ಲಿ.

ಅಯ್ಯೋ ದೇವರೇ! ಬಲಗೈ ತನ್ನಷ್ಟಕ್ಕೆ ಪಕ್ಕದ ನೆಲ ಹುಡುಕಿತು. ಅಕ್ಕ ಬೆಲ್ಲದ ತಟ್ಟೆ ಇಡುತ್ತಿದ್ದ ಜಾಗ ಅದು.

ಭಾವ ಪೆಟ್ಟಿಗೆಯನ್ನಲ್ಲ, ನನ್ನ ಮುಖವನ್ನು ನೋಡುತ್ತಿದ್ದರು. "ಹೀಗೆ ಆಡ್ಲಿಕ್ಕೆ ನಾನು ತಂತಿ ಎಳೆದಿಲ್ಲ," ಅಂದರು ಮೆಲ್ಲಗೆ. "ನಿನ್ನ ಹತ್ತಿರ ಅವಳು ಹೀಗೆ ಆಡ್ತಿದ್ದಳಾ? ಹೌದಾದರೆ ಹೌದು ಹೇಳು."

ಹೌದು ಅಂದರೆ ಸಾಕಿತ್ತು. ಆದರೆ ನನಗೆ ಹೆದರಿಕೆ! ನಾಳೆಯೂ ಅದರ ಎದುರು ಕೂರಬೇಕು, ನಾನು ಎದ್ದು ಹೋಗದ ಹಾಗೆ ಅದು ಆಟ ಬೆಳೆಸುತ್ತಲೇ ಹೋಗುತ್ತದೆ...

"ಇಲ್ಲ ಭಾವ," ಅಂದೆ. "ಎಲ್ಲೋ ತಂತಿ ಲೂಸ್ ಆಗಿರ್ಬೇಕು."

ಅವರು ಮುಚ್ಚಳ ತೆಗೆದು, ಬೆಸುಗೆ ಕಡ್ಡಿ ಕಾಯಿಸಿ, ಒಂದೊಂದೇ ಜಾಗ ಮುಟ್ಟಿ ಮುಟ್ಟಿ ಸರಿಮಾಡಿದರು. ರಾಳದ ಹೊಗೆ ಜಗಲಿ ತುಂಬಿತು. ತಂತಿ ಬಿಟ್ಟದ್ದು ಸಿಕ್ಕಿತಾ ಅಂತ ನಾನು ಕೇಳಲಿಲ್ಲ. ಮರುದಿನ ಬೇಕಂತಲೇ ಅದೇ ತಪ್ಪು ಮನೆ ಒತ್ತಿದೆ. ಟಕ ಟಕ ಅಂತ ತಟ್ಟನೆ ಗೆದ್ದಿತು.

"ಸರಿ ಆಯ್ತು," ಅಂದರು ಭಾವ. ಅಷ್ಟು ಬೇಸರದಲ್ಲಿ ಯಾರೂ ಆ ಮಾತು ಹೇಳಿದ್ದನ್ನು ನಾನು ಮತ್ತೆ ಕೇಳಿಲ್ಲ. ಮುಂದಿನ ಆಟಿಯಲ್ಲಿ ಎಲೆ ಹಾಕಿದರು, ಆದರೆ ಬಾಗಿಲು ತೆರೆದಾಗ ಬಗ್ಗಿ ನೋಡಲಿಲ್ಲ. ಆಮೇಲೆ ವರ್ಗವಾಗಿ ಹೋದರು. ಕೆಲವು ವರ್ಷದಲ್ಲಿ ತೀರಿಕೊಂಡ ಸುದ್ದಿಯೂ ಬಂತು. ಪೆಟ್ಟಿಗೆ ಎಲ್ಲಿ ಹೋಯಿತೋ...

ಅಂಗಡಿಯವ ಫೋನು ಕೈಗೆ ಕೊಟ್ಟ. ಮೊಮ್ಮಗಳು ಹಾಕಿಕೊಟ್ಟ ಅದೇ ಆಟ ಅದರಲ್ಲಿ ಉಂಟು. ಅಲ್ಲೇ ಕೂತು ಬೇಕಂತಲೇ ತಪ್ಪು ಮನೆ ಒತ್ತಿದೆ. ಫೋನು ಗೆದ್ದಿತು. ಮತ್ತೆ ಒತ್ತಿದೆ, ಮತ್ತೂ ಗೆದ್ದಿತು. ನನ್ನ ಕಣ್ಣು ತುಂಬಿದ್ದು ನೋಡಿ ಅವನಿಗೆ ಗಾಬರಿ.

"ಎಂತ ಅಮ್ಮ, ಸರಿ ಉಂಟಲ್ವಾ?"

"ಹೌದು," ಅಂದೆ. ಭಾವನಿಗೆ ಹೇಳಬೇಕಿದ್ದದ್ದೂ ಅದೊಂದೇ ಮಾತು.