ಉದ್ದ ಕಾಲಿನ ಪ್ಯಾಂಟುಗಳು

ಕಳೆದ ಭಾನುವಾರ, ಕಾಲೇಜಿಗೆ ಒಯ್ಯುವ ನನ್ನ ಹಳೆಯ ಚೀಲವನ್ನು ಒಗೆದು ಹಾಕಿದೆ. ಒದ್ದೆಯಾದ ಜೀನ್ಸ್ ಬಟ್ಟೆಗೆ ಅದರದೇ ಒಂದು ವಾಸನೆ ಇರುತ್ತದೆ. ನೀಲಿ ಬಣ್ಣದ್ದು, ಸ್ವಲ್ಪ ಮಷೀನಿನ ಎಣ್ಣೆಯದು... ಎಷ್ಟು ಒಗೆದರೂ ಹೋಗಿಲ್ಲ, ಅಥವಾ ನನ್ನ ಮೂಗಿನಲ್ಲೇ ಉಳಿದಿದೆಯೋ ಏನೋ. ತಂತಿಯ ಮೇಲೆ ಹರವುತ್ತಿದ್ದವಳು ಅಲ್ಲೇ ನಿಂತುಬಿಟ್ಟೆ. ಈ ಚೀಲ ಮೊದಲು ಒಂದು ಪ್ಯಾಂಟಿನ ಕಾಲಾಗಿತ್ತು. ಬಳ್ಳಾರಿಯಲ್ಲಿ ಹೊಲಿದು, ಹಡಗು ಹತ್ತಬೇಕಾಗಿದ್ದ ಪ್ಯಾಂಟು.

ಹೊಲಿಸಿದವರು ಪಕ್ಕದ ಮನೆಯ ಮಾವ. ಸಂಬಂಧವೇನೂ ಇಲ್ಲ, ಬೀದಿಯ ಮಕ್ಕಳಿಗೆಲ್ಲ ಅವರು ಮಾವನೇ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಅಳತೆಯ ಟೇಪು. ಹಲಕುಂದಿ ಮಠಕ್ಕೆ ಹೊರಟಾಗಲೂ ಟೇಪು ತೆಗೆಯಲು ಮರೆತು ಅತ್ತೆಯಿಂದ ಬೈಸಿಕೊಳ್ಳುತ್ತಿದ್ದರು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವರ ಜೀನ್ಸ್ ಹೊಲಿಗೆ. ಸರ್ಕಾರ ಆಮದನ್ನು ಸಡಿಲ ಮಾಡಿದ ಕಾಲದಲ್ಲಿ ಜಪಾನಿನ ಹಳೆ ಮಷೀನುಗಳು ಮುಂಬೈಗೆ ಬಂದು ಬಿದ್ದಿದ್ದವಂತೆ, ಅವನ್ನೇ ಲಾರಿಯಲ್ಲಿ ತಂದು ಕೂಡಿಸಿದ್ದರು. ನಾನು ಕಾಲೇಜಿನಲ್ಲಿ ಕಲಿತು ಬಂದ ಉತ್ಸಾಹದಲ್ಲಿ ಜಾಗತೀಕರಣವನ್ನು ಬೈದರೆ ಅವರು ನಗುತ್ತಿದ್ದರು.

"ನನಗ ಅನ್ನ ಕೊಟ್ಟಿದ್ದು ಅದ ನೋಡವ್ವ. ಬೈಯಾಕ ಬಾಯಿ ಬರಂಗಿಲ್ಲ."

ಅನ್ನ ಅವರೊಬ್ಬರಿಗೇ ಅಲ್ಲ. ಬೆಳಿಗ್ಗೆಯ ಬಸ್ಸಿಗೆ ರೂಪನಗುಡಿಯಿಂದ ಹೆಣ್ಣುಮಕ್ಕಳು ಬಂದಿಳಿಯುತ್ತಿದ್ದರು. ಅವರಲ್ಲಿ ಬಟನ್ ಹಚ್ಚುವ ಒಬ್ಬಳನ್ನು ನಾನು ಬಟನ್ ಅಕ್ಕ ಎನ್ನುತ್ತಿದ್ದೆ. ಶೆಡ್ಡು ಶುರುವಾದ ದಿನದಿಂದ ಇದ್ದವಳು, ಮಾವನಿಗೇ ಜೋರು ಮಾಡುವಷ್ಟು ಸಲಿಗೆ.

ಅಲ್ಲಿ ಒಂದು ಪದ್ಧತಿಯಿತ್ತು. ಹೊಸ ಆರ್ಡರು ಬಂತೆಂದರೆ ದೊಡ್ಡ ಕತ್ತರಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಅವತ್ತೇ ಬಟ್ಟೆಗೆ ಕತ್ತರಿ ಇಡಬೇಕು. ಇಟ್ಟ ಮೇಲೆ ತಂದ ಬಟ್ಟೆ ಮುಗಿಯುವತನಕ ನಿಲ್ಲಿಸುವಂತಿಲ್ಲ. ಕಾಗದಪತ್ರಕ್ಕೆ ಯಾರೂ ಕಾಯುತ್ತಿರಲಿಲ್ಲ. ಖಾಯಂ ಆರ್ಡರು ಕೊಡುತ್ತಿದ್ದ ಗುಂತಕಲ್ಲಿನ ವ್ಯಾಪಾರಿ ಫೋನು ಮಾಡಿ ತೆಲುಗಿನಲ್ಲಿ "ಕಾನಿವ್ವಂಡಿ" ಅಂದರೆ, ನಡೆಯಲಿ ಅಂದ ಹಾಗೆ, ಮುಗಿಯಿತು. ಆ ಮಾತು ಒಮ್ಮೆಯೂ ಕೆಟ್ಟಿರಲಿಲ್ಲ.

ಹೀಗಿರುವಾಗ ಮುಂಬೈಯ ರಫ್ತು ವ್ಯಾಪಾರಿಯೊಬ್ಬರ ಮೂಲಕ ಯುರೋಪಿನ ಅಂಗಡಿಯ ಆರ್ಡರು ಬಂತು. ಮಾವನ ಮುಖ ನೋಡಬೇಕಿತ್ತು! ಬೀದಿಗೆಲ್ಲ ಪೇಡೆ ಹಂಚಿದರು. ಗುಂತಕಲ್ಲಿನವರ ಸಣ್ಣಪುಟ್ಟ ಆರ್ಡರುಗಳನ್ನು ಮುಂದಿನ ತಿಂಗಳು ನೋಡೋಣ ಎಂದು ತಳ್ಳಿದರು. ಪ್ಯಾಂಟಿನ ಅಳತೆ ಕೇಳಿ ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಆ ಸೊಂಟದಲ್ಲಿ ನಮ್ಮ ಬೀದಿಯ ಇಬ್ಬರು ತೂರಬಹುದಿತ್ತು, ಕಾಲಂತೂ ನನ್ನ ಎದೆಯವರೆಗೆ ಬರುತ್ತಿತ್ತು. ಬಟನ್ ಅಕ್ಕ ಒಂದನ್ನು ಮೈಗೆ ಹಿಡಿದು, "ಇದನ್ನ ಹಾಕ್ಕೊಳ್ಳೋರು ನಮ್ಮ ಬಸ್ಸಿನಾಗ ಎಲ್ಲಿ ಕುಂದರ್ತಾರ್ರಿ?" ಅಂದಳು. ಮಾವ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ಆಮೇಲೆ ನೋಡಿದ ನೆನಪಿಲ್ಲ.

ಕಾಯಿ ಒಡೆದಾಗಿತ್ತು, ಬಟ್ಟೆಯನ್ನೆಲ್ಲ ಆ ಅಳತೆಗೇ ಕತ್ತರಿಸಿಯಾಗಿತ್ತು, ಮುಕ್ಕಾಲು ಪಾಲು ಹೊಲಿದೂ ಆಗಿತ್ತು. ಆಗ ಮುಂಬೈಯಿಂದ ಫೋನು ಬಂತು. ಅಂಗಡಿಯವರು ಇನ್ನೂ ಸಹಿ ಹಾಕಿರಲಿಲ್ಲ, ಆರ್ಡರನ್ನು ಪಕ್ಕದ ದೇಶಕ್ಕೆ ಕೊಟ್ಟರು, ಇಷ್ಟೇ ಸುದ್ದಿ.

ಮಾವ ನನ್ನನ್ನು ಕರೆಸಿದರು. ಬೀದಿಯಲ್ಲಿ ಅರ್ಥಶಾಸ್ತ್ರ ಓದುತ್ತಿದ್ದವಳು ನಾನೊಬ್ಬಳೇ. ಬಡ ದೇಶವೆಂಬ ರಿಯಾಯಿತಿಯಿಂದ ಆ ದೇಶದವರ ಬಟ್ಟೆ ಯುರೋಪಿನೊಳಗೆ ಸುಂಕವಿಲ್ಲದೆ ಹೋಗುತ್ತದೆ, ನಮ್ಮದಕ್ಕೆ ಸುಂಕ ಬೀಳುತ್ತದೆ, ಹಾಗಾಗಿ ಅಂಗಡಿಯವನಿಗೆ ಅವರದೇ ಅಗ್ಗ ಎಂದು ತಿಳಿದಷ್ಟು ಹೇಳಿದೆ. ಅವರು ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೇಳಿದರು.

"ಅಂದ್ರ ನಮ್ಮ ಹೊಲಿಗಿ ಕೆಟ್ಟಿಲ್ಲ?"

"ಇಲ್ಲ ಮಾವ."

"ಕೆಟ್ಟಿದ್ರ ಬಿಚ್ಚಿ ಹೊಲೀತಿದ್ವಿ. ಇದನ್ನ ಎಲ್ಲಿ ಬಿಚ್ಚೂದವ್ವ?"

ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡು ಅವರೇ ಅಂದರು, "ಅಲ್ಲೂ ಯಾರೋ ಹೆಣ್ಮಕ್ಕಳು ಬಟನ್ ಹಚ್ಚಾಕ ಹತ್ತಿರ್ತಾರ. ಅವರ ಮ್ಯಾಲೆ ನನಗ ಸಿಟ್ಟಿಲ್ಲ. ಆದ್ರ ಇವರಿಗೇನ್ ಹೇಳ್ಲಿ?" ಶೆಡ್ಡಿನೊಳಗೆ ಮಷೀನುಗಳು ಇನ್ನೂ ಓಡುತ್ತಿದ್ದವು. ನಾನು ಎದ್ದು ಬಂದೆ.

ಯಾರನ್ನೂ ಮನೆಗೆ ಕಳಿಸಬಾರದೆಂದು ಅವರು ಮಾಡದ ಸಾಹಸವಿಲ್ಲ. ಆ ಉದ್ದ ಪ್ಯಾಂಟುಗಳ ಕಾಲನ್ನು ಮೊಳಕಾಲಿನ ಕೆಳಗೆ ಕತ್ತರಿಸಿ, ಮತ್ತೆ ಮಡಿಚಿ ಹೊಲಿಸಿ, ಸಿರುಗುಪ್ಪ ಸಂತೆಗೆ ಒಯ್ದರು. ಆ ಸುಗ್ಗಿಯಲ್ಲಿ ದೇಶನೂರಿನ ಭತ್ತದ ಗದ್ದೆಗಳಲ್ಲಿ ಗಂಡಸರು ಯುರೋಪಿನ ಸೊಂಟವನ್ನು ಹಗ್ಗದಿಂದ ಬಿಗಿದುಕೊಂಡು ಹೊರೆ ಹೊರುತ್ತಿದ್ದರು. ಕತ್ತರಿಸಿದ ಕಾಲುಗಳಿಗೆ ತಳ ಹೊಲಿದು, ಹಿಡಿಕೆ ಹಚ್ಚಿ ಚೀಲ ಮಾಡಿದರು. ನಮ್ಮ ಬೀದಿಯಲ್ಲಿ ತರಕಾರಿಗೂ ನೀಲಿ ಚೀಲ, ಶಾಲೆಗೂ ನೀಲಿ ಚೀಲ.

ಚೀಲ ಹೊಲಿದು ಎಷ್ಟು ದಿನ ಶೆಡ್ಡು ನಡೆದೀತು? ಗುಂತಕಲ್ಲಿನವರು ಅಷ್ಟರಲ್ಲಿ ಬೇರೆ ಕಡೆ ಹೊಲಿಸಿಕೊಳ್ಳುತ್ತಿದ್ದರು. ಮಷೀನುಗಳು ಒಂದೊಂದಾಗಿ ನಿಂತವು. ಬಟನ್ ಅಕ್ಕ ಕುರುಗೋಡಿನ ಕಡೆ ಮೆಣಸಿನಕಾಯಿ ಬಿಡಿಸುವ ಕೆಲಸಕ್ಕೆ ಹೋದಳು.

ಮಾವ ಮಾತ್ರ ಮಷೀನು ಮಾರಲಿಲ್ಲ. ಪ್ರತಿ ಅಮಾವಾಸ್ಯೆಗೆ ಹೊದಿಕೆ ತೆಗೆದು, ಎಣ್ಣೆ ಬಿಟ್ಟು, ಪೂಜೆ ಮಾಡಿ, ಖಾಲಿ ಮಷೀನುಗಳನ್ನೇ ಒಂದಿಷ್ಟು ಓಡಿಸುತ್ತಿದ್ದರು. ಅವತ್ತು ಬಟನ್ ಅಕ್ಕ ತಪ್ಪದೆ ಬರುತ್ತಿದ್ದಳು, ಮೆಣಸಿನಕಾಯಿ ಘಾಟಿಗೆ ಕೆಮ್ಮುತ್ತ. ನಾನು ಪತ್ರಿಕೆ ಹಿಡಿದು ಹಾದುಹೋದರೆ ಸಾಕು, ಮಾವ ಕಟ್ಟೆಯ ಮೇಲಿಂದ ಕೂಗುತ್ತಿದ್ದರು.

"ಸುಂಕದ್ದೇನರ ಬಂದೈತೇನವ್ವ?"

"ಮಾತುಕತಿ ನಡದೈತಂತ ಮಾವ."

"ನಡೀಲಿ, ನಡೀಲಿ. ಮಷೀನ್ ತಯಾರದಾವ."

ಎಷ್ಟೋ ಸರ್ಕಾರ ಬಂದವು, ಹೋದವು. ಮಾತುಕತೆ ನಡೆದೇ ಇತ್ತು... ಮಾವ ತೀರಿಕೊಂಡ ವರ್ಷ ಮಷೀನುಗಳು ಗುಜರಿಗೆ ಹೋದವು. ಟೆಂಪೋಗೆ ಏರಿಸುವಾಗಲೂ ಅವುಗಳಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅದನ್ನು ನೋಡಿ ನಾನು ಅತ್ತಿದ್ದೇನೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಚೀಲ ಒಣಗಿ ಮತ್ತೆ ನನ್ನ ಹೆಗಲೇರಿತು. ಈಗ ಸಿರುಗುಪ್ಪದ ಕಾಲೇಜಿನಲ್ಲಿ ನಾನು ಅದೇ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಮೊನ್ನೆ ಸಂಜೆ ಬರುವ ಬಸ್ಸಿನಲ್ಲಿ ಪತ್ರಿಕೆ ಬಿಡಿಸಿದರೆ, ಯುರೋಪಿನವರ ಜೊತೆಗಿನ ಒಪ್ಪಂದದ ಸುದ್ದಿ. ಅದು ಜಾರಿಗೆ ಬಂದ ಮೇಲೆ ನಮ್ಮ ಬಟ್ಟೆಗೆ ಅಲ್ಲಿ ಸುಂಕವಿರುವುದಿಲ್ಲವಂತೆ. ಅದೇ ಸಾಲನ್ನು ಮತ್ತೆ ಮತ್ತೆ ಓದಿದೆ. ಬಳ್ಳಾರಿಯಲ್ಲಿ ಇಳಿದು ನಮ್ಮ ಬೀದಿಗೆ ಬಂದಾಗ ಕಾಲು ತಾನಾಗಿಯೇ ಪಕ್ಕದ ಗೇಟಿನತ್ತ ತಿರುಗಿತು.

ಶೆಡ್ಡು ಈಗ ಆನ್‌ಲೈನ್ ಪಾರ್ಸೆಲ್‌ಗಳ ಗೋದಾಮು. ಬಾಗಿಲಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದವರೊಬ್ಬರು ತಲೆಯೆತ್ತಿದರು.

"ಪಾರ್ಸಲ್ ಏನರ ಬರೂದೈತೇನ್ರಿ ಮೇಡಂ?"

"ಇಲ್ರಿ, ಒಂದು ಸುದ್ದಿ ಹೇಳೂದಿತ್ತು" ಅಂದೆ.

ಯಾರಿಗೆ ಎಂದು ಅವರು ಕೇಳಲಿಲ್ಲ. ಪತ್ರಿಕೆಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.